ಮೋರ್ಜಿಂನಲ್ಲಿ ಕೈಟ್‌ಸರ್ಫಿಂಗ್ ಕಲಿಯುವವರನ್ನು ಮೊದಲ ದಿನ ನೀರಿಗೆ ಯಾಕೆ ಇಳಿಸುವುದಿಲ್ಲ?

ಪಣಜಿಯಲ್ಲಿ ಕೆಲಸ ಮಾಡುತ್ತಿದ್ದೀರಿ, ಜನವರಿಯಲ್ಲಿ ಉತ್ತರ ಗೋವಾದ ಮೋರ್ಜಿಂ ದಂಡೆಗೆ ಬಂದು ಮೂರು ದಿನದ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಿಂದ ಬೋರ್ಡಿನ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ತರಬೇತಿಗೆ ಸೇರಬೇಕೆಂದಿದ್ದೀರಿ. ಮೊದಲ ದಿನವೆಲ್ಲ ದಂಡೆಯಲ್ಲೇ ನಿಯಮ ಹೇಳುತ್ತಾರಂತೆ, ಅದನ್ನು ಬಿಟ್ಟು ಎರಡು ದಿನದ ದುಡ್ಡು ಮಾತ್ರ ಕೊಡಬಹುದೇ ಎಂದು ಕೇಳಿದ್ದೀರಿ. ನಾನು ಕಾರವಾರದವನು, ಆರು ವರ್ಷದಿಂದ ಅದೇ ದಂಡೆಯಲ್ಲಿ ಹೊಸಬರಿಗೆ ಕಲಿಸುತ್ತಿದ್ದೇನೆ. ದಯವಿಟ್ಟು ಬಿಡಬೇಡಿ. ಬಿಡಲೇಬೇಕೆಂದಿದ್ದರೆ ಮೂರನೇ ದಿನ ಬಿಡಿ.

ನನ್ನ ಪಾಠ ಶುರುವಾಗುವುದು ಒಂದು ಹಿಡಿ ಒಣ ಮರಳಿನಿಂದ. ಬೆಳಿಗ್ಗೆ ಅದನ್ನು ಎತ್ತಿ ಬಿಟ್ಟರೆ ಸಮುದ್ರದ ಕಡೆ ಹಾರುತ್ತದೆ, ಅದು ನೆಲಗಾಳಿ. ನೀರು ಸಪಾಟಾಗಿ, ಕರೆಯುವಂತೆಯೇ ಇರುತ್ತದೆ. ಆದರೆ ಆಗ ಇಳಿದವರನ್ನು ಗಾಳಿ ಒಳಗಡಲಿಗೆ ಒಯ್ಯುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಸಮುದ್ರಕ್ಕೆ ಮುಖ ಮಾಡಿ ನಿಂತರೆ ಬಲಗೆನ್ನೆಗೆ ತಾಗುತ್ತದೆ, ಮರಳು ಎಡಕ್ಕೆ, ಸ್ವಲ್ಪ ಬೆನ್ನಿನ ಕಡೆ ಬೀಳುತ್ತದೆ.

ಆ ಎಡಗಡೆ ಏನೇನಿದೆ ಎಂದು ನಡೆಸಿಕೊಂಡು ಹೋಗಿ ತೋರಿಸುತ್ತೇನೆ. ದಕ್ಷಿಣದ ತುದಿಯಲ್ಲಿ ಟೆಂಬ್, ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುವ ಜಾಗ. ಗೂಡುಗಳಿಗೆ ಅರಣ್ಯ ಇಲಾಖೆಯ ಕಾವಲಿದೆ, ಅಲ್ಲಿ ಪಟ ಬಿಚ್ಚುವುದು, ಇಳಿಸುವುದು ಎರಡೂ ಕೂಡದು. ಅದರಾಚೆ ಚಾಪೋರಾ ನದಿಯ ಅಳಿವೆ. ಇಳಿತದ ಹೊತ್ತಿನಲ್ಲಿ ನದಿ ನೀರು ಕಡಲಿಗೆ ನುಗ್ಗುತ್ತಿರುತ್ತದೆ. ಬೋರ್ಡು ಕೈತಪ್ಪಿದ ಹೊಸಬರನ್ನು ಗಾಳಿ ತಳ್ಳಿಕೊಂಡು ಹೋಗುವುದು ಅತ್ತಲೇ. ಹಾಗಾಗಿ ಉತ್ತರಕ್ಕೆ, ಅಶ್ವೆಂ ಕಡೆಯಿಂದ ಇಳಿಸುತ್ತೇನೆ. ದಂಡೆಯ ಮೇಲಿನ ಒಂದು ಗಾಳಿಮರದ ಗುಂಪನ್ನು ಗುರುತು ಹೇಳಿರುತ್ತೇನೆ. ಅದರ ನೇರಕ್ಕೆ ಬರುವ ಮೊದಲೇ ದಡ ಹತ್ತಿ, ನಡೆದು ವಾಪಸು ಬರಬೇಕು.

ಪಟದ ಲೈನು 20ರಿಂದ 24 ಮೀಟರ್ ಇರುತ್ತದೆ. ಅದರ ಎರಡರಷ್ಟು, ಅಂದರೆ ಸುಮಾರು 50 ಮೀಟರ್, ಗಾಳಿ ಹೋಗುವ ಕಡೆ ಯಾರೂ ಇರಕೂಡದು. ಇದನ್ನು ಹೆಜ್ಜೆ ಹಾಕಿಸಿ ಅಳೆಸುತ್ತೇನೆ, ಬಾಯಲ್ಲಿ ಹೇಳಿದರೆ ದೂರ ತಿಳಿಯುವುದಿಲ್ಲ. ಗಾಳಿ 10 ನಾಟ್‌ನಿಂದ 20ಕ್ಕೆ ಏರಿದರೆ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟು ಆಗುತ್ತದೆ. ಕುರ್ಚಿ ಹಾಕಿಕೊಂಡು ಕೂತವರ ಮುಂದೆ ಪಟ ಏರಿಸುವವರನ್ನು ನೋಡಿದರೆ ನನಗೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ.

ಕಲಿಸಲು ಶುರುಮಾಡಿದ ವರ್ಷ ನನ್ನ ಶಿಷ್ಯನೊಬ್ಬನ ಪಟ ರಂಪಣಿ, ಅಂದರೆ ಜನ ಸೇರಿ ದಡಕ್ಕೆ ಎಳೆಯುವ ದೊಡ್ಡ ಮೀನುಬಲೆಯ ಹಗ್ಗದ ಮೇಲೆ ಬಿತ್ತು. ತಪ್ಪು ನನ್ನದೇ, ಬಲೆ ನೀರಿನಲ್ಲಿದ್ದದ್ದು ಗೊತ್ತಿದ್ದೂ ಬಿಟ್ಟಿದ್ದೆ. ಎರಡು ತುದಿಯಲ್ಲಿ ಜನ ಸಾಲಾಗಿ ನಿಂತು ಎಳೆಯುತ್ತಿದ್ದರು. ಲೈನು ಸಪೂರ, ಎಳೆದಷ್ಟೂ ಹಗ್ಗದೊಳಗೆ ಕಚ್ಚಿಕೊಳ್ಳುತ್ತದೆ, ಬೆರಳು ಸಿಕ್ಕರೆ ಕೊಯ್ಯುತ್ತದೆ. ಎಲ್ಲರೂ ನಿಲ್ಲಿಸಬೇಕಾಯಿತು. ಬಲೆ ಸಡಿಲಾಗಿ ಮೀನು ತಪ್ಪಿಸಿಕೊಂಡಿತು. ಒಬ್ಬ ಅಜ್ಜ ಚಾಕು ತೆಗೆದರು. ಲೈನು ಕತ್ತರಿಸುತ್ತಾರೆ ಎಂದುಕೊಂಡೆ. ಅವರು ಚಾಕುವಿನ ಮೊಂಡು ಬದಿಯಿಂದ ಒಂದೊಂದೇ ಗಂಟು ಎಬ್ಬಿಸಿ, ಬಿಡಿಸಿ, ನನ್ನ ಕೈಗೆ ಕೊಟ್ಟರು. ‘ಇಷ್ಟೂ ಮನೆಯ ಅನ್ನ ಇದು’ ಎಂದು ಕೊಂಕಣಿಯಲ್ಲಿ ಹೇಳಿದರು, ಬೈಯಲಿಲ್ಲ. ಅಂದಿನಿಂದ ರಂಪಣಿ ನೀರಿನಲ್ಲಿದ್ದರೆ ನಮ್ಮ ಪಟ ಏರುವುದಿಲ್ಲ, ಗಾಳಿ ಎಷ್ಟೇ ಚೆನ್ನಾಗಿರಲಿ. ಮೊದಲ ದಿನ ಶಿಷ್ಯರನ್ನು ಕರೆದುಕೊಂಡು ಹೋಗಿ ಬಲೆಯವರಿಗೆ ಪರಿಚಯ ಮಾಡಿಸುತ್ತೇನೆ.

ಉಳಿದವು ಬೇಗ ಬರುತ್ತವೆ. ಕೆಂಪು-ಹಳದಿ ಬಾವುಟಗಳ ನಡುವೆ ಈಜುವವರು, ಅಲ್ಲಿಗೆ ನಾವು ಹೋಗುವುದಿಲ್ಲ. ಎದುರುಬದುರಾದರೆ ಬಲಗೈ ಮುಂದಾಗಿ ಬರುವವರಿಗೆ ದಾರಿ. ಒಂದೇ ಕಡೆ ಹೋಗುವಾಗ ಗಾಳಿ ಬರುವ ಬದಿಯವರು ಪಟ ಎತ್ತರಕ್ಕೆ, ಇನ್ನೊಬ್ಬರು ತಗ್ಗಿಗೆ ಹಿಡಿಯಬೇಕು. ತಲೆ ಮುಟ್ಟಿಕೊಂಡು ತೋರಿಸಿದರೆ ‘ನನ್ನ ಪಟ ಇಳಿಸಿಕೊಡಿ’ ಎಂದರ್ಥ.

ಸೇರುವ ಮೊದಲು ತರಬೇತಿ ಕೊಡುವವರನ್ನು ಎರಡು ಪ್ರಶ್ನೆ ಕೇಳಿ. ನೀರಿನಲ್ಲಿ ಸಿಕ್ಕಿಕೊಂಡವರನ್ನು ತರಲು ದೋಣಿ ಇದೆಯೇ? ಕ್ವಿಕ್ ರಿಲೀಸ್ (ಪಟದ ಎಳೆತದಿಂದ ತಕ್ಷಣ ಬಿಡಿಸುವ ಕೊಂಡಿ) ಬಿಡುವುದನ್ನು ಒಣ ಮರಳಿನ ಮೇಲೆ ಎಷ್ಟು ಸಲ ಮಾಡಿಸುತ್ತೀರಿ? ನಾನು ಕಣ್ಣು ಮುಚ್ಚಿಸಿ ಹತ್ತು ಸಲ ಮಾಡಿಸುತ್ತೇನೆ. ಹತ್ತನೇ ಸಲವೂ ಕೈ ತಡಕಾಡಿದರೆ, ಮತ್ತೆ ಹತ್ತು.