ಕೈ ಎತ್ತುವ ಹಕ್ಕು

ಶಿವಮೊಗ್ಗದ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ಅಕ್ಕನ ಮಗಳು ಪಂಚಕರ್ಮದ ತರಬೇತಿ ಮುಗಿಸಿ ಬೆಂಗಳೂರಿನ ಮಸಾಜ್ ಸೆಂಟರ್ ಒಂದಕ್ಕೆ ಸೇರಿದ್ದಳು. ಅಲ್ಲಿ ಒಟ್ಟು ಏಳು ಜನ ಕೆಲಸದವರು. ದೀಪಾವಳಿ ವಾರ ಗಿರಾಕಿಯೊಬ್ಬ ಅವಳ ಕೈ ಹಿಡಿದು ಎಳೆದ. ಮಾಲೀಕನಿಗೆ ಹೇಳಿದರೆ, 'ಹಳೇ ಗಿರಾಕಿ ಕಣಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ' ಎಂದ. ಹುಡುಗಿ ಕೆಲಸ ಬಿಟ್ಟು ಊರಿಗೆ ಬಂದಿದ್ದಾಳೆ. 'ಇಂಥ ಸೆಂಟರ್‌ಗಳನ್ನೆಲ್ಲ ಸರ್ಕಾರ ಮುಚ್ಚಿಸಬಾರದೇ? ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೋಗೋದೇ ತಪ್ಪಲ್ವಾ?' ಇದು ಅವರ ಪ್ರಶ್ನೆ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಮಸಾಜ್ ಬೋರ್ಡ್ ಹಾಕಿಕೊಂಡು ಬೇರೆಯದೇ ದಂಧೆ ನಡೆಸುವ ಜಾಗಗಳು ಇವೆ, ಅವನ್ನು ಮುಚ್ಚಿಸಬೇಕು. ಆದರೆ ನಿಮ್ಮ ಎರಡನೇ ಪ್ರಶ್ನೆ ಓದಿ ನನಗೆ ಬೇಜಾರಾಯಿತು. ಕೈ ಹಿಡಿದು ಎಳೆದವನು ಅವನು, ತಪ್ಪು ಮಾತ್ರ ಇವಳದಾ? ಪ್ರೀತಿಯಿಂದಲೇ ಕೇಳಿದ್ದೀರಿ, ಗೊತ್ತು. ಆದರೂ ಅವಳ ಎದುರು ಈ ಮಾತು ಆಡಬೇಡಿ. ಮಾಮನೂ ಹಾಗೇ ಅಂದ ಅಂತ ಅವಳಿಗೆ ಅನಿಸಬಾರದು.

ನಾಲ್ಕು ವರ್ಷದ ಹಿಂದೆ ನನಗೆ ಸೊಂಟ ಹಿಡಿದುಕೊಂಡಿತ್ತು. ಮಲೆನಾಡಿನ ಒಂದು ಸಣ್ಣ ಆಯುರ್ವೇದ ಆಸ್ಪತ್ರೆಯಲ್ಲಿ ಏಳು ದಿನ ಎಣ್ಣೆ ಹಚ್ಚಿಸಿಕೊಂಡೆ. ಎಣ್ಣೆ ಹಚ್ಚೋಕೆ ಮಲಗಿಸುವ ಮರದ ದ್ರೋಣಿ, ಪಕ್ಕದಲ್ಲಿ ಬಿಸಿನೀರಿನಲ್ಲಿ ಇಳಿಸಿಟ್ಟ ಎಣ್ಣೆ ಬಟ್ಟಲು. ಎಣ್ಣೆ ಹಚ್ಚುತ್ತಿದ್ದ ಹೆಂಗಸಿಗೆ ಐವತ್ತರ ಮೇಲೆ ವಯಸ್ಸು. ಎರಡು ಹನಿ ತನ್ನ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ, ಆಮೇಲೆ ಹೇಳುತ್ತಿದ್ದಳು: 'ಈಗ ಬಲಗಾಲಿಗೆ ಹಚ್ತೀನಮ್ಮ, ಬಟ್ಟೆ ಇಷ್ಟು ಸರಿಸ್ತೀನಿ, ಆಗಬಹುದಾ?' ನಾನು ಹೂಂ ಅಂದ ಮೇಲೆಯೇ ಕೈ ಮುಂದೆ ಬರುತ್ತಿತ್ತು. ಕಾಲು ಮುಗಿದ ಕೂಡಲೇ ಅದನ್ನು ಮುಚ್ಚಿ, ತೋಳಿನ ಬಟ್ಟೆ ಸರಿಸುವ ಮೊದಲು ಮತ್ತೆ ಕೇಳುತ್ತಿದ್ದಳು. ಐದನೇ ದಿನ ನಾನೇ, 'ದಿನಾ ಯಾಕೆ ಕೇಳ್ತೀಯ, ನಿನ್ನೆ ಹೂಂ ಅಂದಿದ್ನಲ್ಲ' ಅಂದೆ. 'ನಿನ್ನೆ ಅಂದಿದ್ದು ನಿನ್ನೆಗೆ ಅಮ್ಮ' ಅಂದಳು. ನನಗೆ ಆ ಮಾತು ಇವತ್ತಿಗೂ ಮರೆತಿಲ್ಲ.

ಅವಳೇ ಇನ್ನೊಂದು ವಿಷಯ ಹೇಳಿದ್ದಳು. ಆ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲ ದಿನ ಕಲಿಸಿದ್ದೇ ಕೈ ಎತ್ತೋದನ್ನು. ಎದುರಿಗೆ ಮಲಗಿರುವವರ ಮಾತೋ ನಡತೆಯೋ ಸರಿ ಕಾಣದಿದ್ದರೆ ಎರಡೂ ಕೈ ಎತ್ತಿಬಿಡು, ಬಾಗಿಲ ಹತ್ತಿರ ಹೋಗು, 'ಇವತ್ತಿಗೆ ಇಷ್ಟೇ' ಅನ್ನು, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದಿದ್ದರಂತೆ. ಆ ದಿನದ ಸಂಬಳಕ್ಕೂ ಕತ್ತರಿ ಇಲ್ಲ. ಅದಕ್ಕೂ ಮೊದಲು ಅವಳು ಒಂದು ರೆಸಾರ್ಟ್‌ನಲ್ಲಿದ್ದಳು. ಅಲ್ಲಿ ಸಂಬಳ ಕಮ್ಮಿ, ಕಮಿಷನ್ ಮತ್ತು ಟಿಪ್ಸೇ ಜಾಸ್ತಿ. ನಡುವೆ ನಿಲ್ಲಿಸಿದರೆ ಎರಡೂ ಹೋಗುತ್ತಿತ್ತು. ಹಾಗಾಗಿ ಎಷ್ಟೋ ಸಲ ಹಲ್ಲು ಕಚ್ಚಿಕೊಂಡು ಮುಗಿಸಿದ್ದಳಂತೆ.

ನಾನು ಬರೋದು ಇಲ್ಲಿಗೇ. ಸುರಕ್ಷತೆ ಅಂದ ಕೂಡಲೇ ನಾವು ಕ್ಯಾಮೆರಾ, ರೇಡು, ಬೀಗ ಅಂತೀವಿ. ಆ ಹುಡುಗಿ ಕೈ ಎತ್ತಿದರೆ ಅವಳ ಅನ್ನ ಹೋಗುತ್ತಾ ಅಂತ ಯಾರೂ ಕೇಳೋದಿಲ್ಲ. ಆ್ಯಪ್ ಮೂಲಕ ಮನೆಮನೆಗೆ ಹೋಗಿ ಮಸಾಜ್ ಮಾಡುವವರ ಕಥೆ ಇನ್ನೂ ಕಷ್ಟ. ಗಿರಾಕಿ ಕೊಡುವ ಸ್ಟಾರ್ ಮೇಲೆ ನಾಳೆಯ ಕೆಲಸ ನಿಂತಿರುತ್ತದೆ, ಬಾಗಿಲ ಚಿಲಕ ಗಿರಾಕಿಯ ಕೈಯಲ್ಲೇ ಇರುತ್ತದೆ.

ಸರ್ಕಾರಗಳು, ಕೋರ್ಟುಗಳು ತಲೆ ಕೆಡಿಸಿಕೊಂಡಿಲ್ಲ ಅಂತಲ್ಲ. 2021ರಲ್ಲಿ ದೆಹಲಿಯಲ್ಲಿ ಗಂಡಸರಿಗೆ ಹೆಂಗಸರು, ಹೆಂಗಸರಿಗೆ ಗಂಡಸರು ಮಸಾಜ್ ಮಾಡಬಾರದು ಅಂತ ನಿಯಮ ತಂದರು. ಅದೇ ಡಿಸೆಂಬರಿನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಯುರ್ವೇದ ಕೇಂದ್ರಗಳಿಗೆ ಕೇರಳ ಪ್ರವಾಸೋದ್ಯಮ ಇಲಾಖೆ ಕೊಡುವ ಮಾನ್ಯತೆಯಲ್ಲೂ ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಅನ್ನುವ ಷರತ್ತಿದೆ. ಚಿಕಿತ್ಸೆಯ ಜಾಗದಲ್ಲಿ ಅದು ಒಳ್ಳೆಯದೇ. ಆದರೆ ಅದೊಂದರಿಂದಲೇ ಎಲ್ಲ ಸರಿಹೋಗುತ್ತೆ ಅಂತ ನನಗೆ ಅನಿಸೋದಿಲ್ಲ. ಇನ್ನು ಕ್ಯಾಮೆರಾ. ಮದ್ರಾಸ್ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಸ್ಪಾಗಳಲ್ಲಿ ಸಿಸಿಟಿವಿ ಹಾಕಿಸಿ ಅಂದಿದ್ದರು. 2022ರ ಜನವರಿಯಲ್ಲಿ ಅದೇ ಕೋರ್ಟಿನ ಇನ್ನೊಬ್ಬರು, ಸ್ಪಾ ಒಳಗೆ ಕ್ಯಾಮೆರಾ ಇಟ್ಟರೆ ಖಾಸಗಿತನದ ಹಕ್ಕಿಗೆ ಧಕ್ಕೆ ಅಂದರು. ಅವರು ಆಧಾರ ಮಾಡಿಕೊಂಡಿದ್ದು ಖಾಸಗಿತನ ಮೂಲಭೂತ ಹಕ್ಕು ಅಂದ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪನ್ನು. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಕೇಸು ಹಾಕುವಾಗ ಅವರಿಗೆ ಎಂಬತ್ತು ದಾಟಿತ್ತು. ನನ್ನ ಮನಸ್ಸು ಈ ಎರಡನೇ ತೀರ್ಪಿನ ಕಡೆಗೇ. ಬಟ್ಟೆ ಸರಿಸಿ ಮಲಗಿದವರ ತಲೆ ಮೇಲೆ ಕ್ಯಾಮೆರಾ ಇಟ್ಟು ಯಾರನ್ನು ಕಾಪಾಡೋದು?

ಕ್ಯಾಮೆರಾ ಅಂದಾಗ ಇದನ್ನೂ ಹೇಳಿಬಿಡ್ತೀನಿ, ವರ್ಷಗಳಿಂದ ನನ್ನನ್ನು ಚುಚ್ಚುತ್ತಿರುವ ವಿಷಯ. ರೇಡಿನ ಸುದ್ದಿ ಬಂದಾಗೆಲ್ಲ ಟಿವಿಯಲ್ಲಿ ಏನು ತೋರಿಸುತ್ತಾರೆ? ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಸಾಲಾಗಿ ಕೂತ ಹುಡುಗಿಯರನ್ನು. ಮಾಲೀಕ ಎಲ್ಲಿ, ಗಿರಾಕಿ ಎಲ್ಲಿ? ಆ ಸಾಲಿನಲ್ಲಿ ನಿಜವಾಗಿ ಕೆಲಸ ಕಲಿತು ಬಂದವಳೂ ಇರಬಹುದು ಅಂತ ಯಾವ ಆ್ಯಂಕರೂ ಹೇಳೋದಿಲ್ಲ. ನಾವು ಪತ್ರಿಕೆಯವರೂ ಅಂಥ ಫೋಟೋ ಹಾಕಿದ್ದೇವೆ. ಇನ್ನು ನಮ್ಮ ಪತ್ರಿಕೆಯಲ್ಲಿ ಹಾಕೋದಿಲ್ಲ. ಮೈ ಮುಟ್ಟಿ ಮಾಡುವ ಕೆಲಸ ಅಂದರೆ ನಮಗೆ ಮೊದಲಿಂದಲೂ ತಾತ್ಸಾರ. ಬಾಣಂತಿಗೆ ನೀರೆರೆದ ಅಜ್ಜಿ, ಹೆರಿಗೆ ಮಾಡಿಸಿದ ಸೂಲಗಿತ್ತಿ, ರಾತ್ರಿಯೆಲ್ಲ ರೋಗಿಯ ಮಗ್ಗುಲು ಬದಲಿಸುವ ನರ್ಸ್. ಅವರ ಕೈ ನಮಗೆ ಬೇಕು, ಮರ್ಯಾದೆ ಕೊಡೋಕೆ ಮಾತ್ರ ಮನಸ್ಸಿಲ್ಲ. ಆ ಗಿರಾಕಿಗೆ ಧೈರ್ಯ ಬಂದಿದ್ದೂ ಇದರಿಂದಲೇ ಅಂತ ನಾನು ನಂಬಿದ್ದೇನೆ.

ಈಗ ನಿಮ್ಮ ಹುಡುಗಿಯ ವಿಷಯ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆಫೀಸಿನ ಮೇಡಂಗಳಿಗೆ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. ಅಲ್ಲಿಗೆ ಬಂದುಹೋಗುವವರಿಂದಲೂ ಹೆಂಗಸರಿಗೆ ತೊಂದರೆ ಆಗದಂತೆ ನೋಡಿಕೊಳ್ಳೋದು ಮಾಲೀಕನ ಜವಾಬ್ದಾರಿ ಅಂತ ಅದರಲ್ಲೇ ಬರೆದಿದೆ. ಅವಳು ಪೊಲೀಸ್ ದೂರು ಕೊಡ್ತೀನಿ ಅಂದರೆ ಅವನು ಸಹಾಯ ಮಾಡಬೇಕು, ಅಡ್ಜಸ್ಟ್ ಮಾಡ್ಕೋ ಅನ್ನುವ ಹಾಗಿಲ್ಲ. ಕೈ ಹಾಕಿದವನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್ನಿನಲ್ಲಿ ಕೇಸು ಹಾಕಬಹುದು. ಅಂದ ಹಾಗೆ ಮಸಾಜ್‌ಗೆ ಹೋದ ಹೆಂಗಸಿಗೆ ಅಲ್ಲಿನವರಿಂದ ತೊಂದರೆ ಆದರೂ 2013ರ ಕಾಯ್ದೆಯಲ್ಲಿ ದೂರು ಕೊಡಬಹುದು, ಅವಳು ಅಲ್ಲಿಯ ಕೆಲಸದವಳೇ ಆಗಿರಬೇಕಿಲ್ಲ.

ಹತ್ತು ಜನಕ್ಕಿಂತ ಕಮ್ಮಿ ಕೆಲಸದವರಿರುವ ಕಡೆ ಇಂಥ ದೂರು ಕೇಳುವ ಒಳಗಿನ ಸಮಿತಿ ಇರೋದಿಲ್ಲ. ಅಂಥವರಿಗೆ ಅಂತಲೇ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ಎಲ್ಲ ಜಿಲ್ಲೆಗಳಲ್ಲೂ ಮಾಡಿ ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಗಡುವು ಹಾಕಬೇಕಾಯಿತು, ಕಾಯ್ದೆ ಬಂದು ಹನ್ನೊಂದು ವರ್ಷದ ಮೇಲೆ! ನಿಮ್ಮ ಹುಡುಗಿ ಬೆಂಗಳೂರು ನಗರ ಜಿಲ್ಲೆಯ ಸಮಿತಿಗೆ ಬರೆಯಬೇಕು. ಕೇಂದ್ರ ಸರ್ಕಾರದ ಶೀ-ಬಾಕ್ಸ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಬರೆಯೋಕೆ ಕಷ್ಟ ಅಂದರೆ ಸಮಿತಿಯವರೇ ಬರೆಯಲು ನೆರವಾಗಬೇಕು.

ದೂರು ಕೊಡೋಕೆ ಮೂರು ತಿಂಗಳು ಟೈಮು. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಆಗಿದ್ದು ದೀಪಾವಳಿಗೆ, ಇದು ಸಂಕ್ರಾಂತಿ ಸಂಚಿಕೆ. ಪತ್ರಿಕೆ ನಿಮ್ಮ ಕೈ ಸೇರುವವರೆಗೆ ಕಾಯೋದು ಬೇಡ ಅಂತ ಸಮಿತಿಯ ವಿಷಯ, ತಾರೀಖಿನ ಲೆಕ್ಕ ಎರಡನ್ನೂ ಬರೆದು ನಿಮ್ಮ ವಿಳಾಸಕ್ಕೆ ಮೊದಲೇ ಒಂದು ಕಾಗದ ಹಾಕಿದ್ದೇನೆ. ಸಿಕ್ಕಿದ್ದರೆ ಅವಳ ಕೈಗೆ ಕೊಡಿ. ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ನೀವೂ ಜೊತೆಗೆ ಹೋಗಿ.