ಟೈಲರಮ್ಮ ಗುರುತು ಹಾಕಿದ ಜಾಗ

ಟೈಲರಮ್ಮನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ.

ರವಿಕೆ ಹೊಲಿದು ಜೀವನ ನಡೆಸುವ 48ರ ಹೆಂಗಸು. ಓಣಿಯವರು ಟೈಲರಮ್ಮ ಎನ್ನುತ್ತಾರೆ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಅವರು ತಂದ ವೈದ್ಯರ ಚೀಟಿಯಲ್ಲಿ ‘ಎರಡು ವರ್ಷದಿಂದ ಸೊಂಟನೋವು, ಮಾನಸಿಕ ಕಾರಣ ಇರಬಹುದು’ ಎಂದಿತ್ತು. ಬೆನ್ನಿನ ಎಂಆರ್‌ಐ ಆಗಿತ್ತು. ಬೆನ್ನೆಲುಬುಗಳ ನಡುವಿನ ಡಿಸ್ಕ್ ತುಸು ಉಬ್ಬಿದೆ, ವಯಸ್ಸಿಗೆ ಸಹಜ ಎಂಬ ವರದಿ. ಅಲ್ಲಿಂದ ಮನೆಯವರ ಮಾತೂ ಬದಲಾಯಿತು. “ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ, ಇನ್ನೆಲ್ಲಿಯ ನೋವು?” ಎಂದು ಗಂಡ ದಿನಕ್ಕೊಮ್ಮೆ ಕೇಳುತ್ತಿದ್ದರು.

ಮೊದಲ ಭೇಟಿಯಲ್ಲಿ ನಾನೂ ‘ಸೊಂಟನೋವು’ ಎಂದೇ ಬರೆದುಕೊಂಡೆ. ಎರಡನೆಯ ಭೇಟಿಯಲ್ಲಿ ಅವರು ಕುಳಿತ ರೀತಿ ಕಣ್ಣಿಗೆ ಬಿತ್ತು. ಕುರ್ಚಿಯ ಅಂಚಿನಲ್ಲಿ, ಬಲಕ್ಕೆ ವಾಲಿ, ಸೆರಗಿನ ಮರೆಯಲ್ಲಿ ಎಡಗೈ. ಆ ಕೈ ಒತ್ತಿ ಹಿಡಿದದ್ದು ಸೊಂಟವನ್ನಲ್ಲ, ಅದಕ್ಕಿಂತ ಕೆಳಗೆ.

“ಜಾಗ ಸರಿಯಾಗಿ ಎಲ್ಲಮ್ಮಾ?” ಎಂದೆ. ತಲೆ ತಗ್ಗಿಸಿದರು. “ಅದನ್ನು ಹೇಗೆ ಹೇಳುವುದು ಮೇಡಂ, ಡಾಕ್ಟರು ಗಂಡಸರು.”

ನಾನು ದೊಡ್ಡ ಕಾಗದದ ಮೇಲೆ ಹಿಂಬದಿಯ ದೇಹದ ಗೆರೆ ಎಳೆದು, ಬಟ್ಟೆಗೆ ಗುರುತು ಹಾಕುವ ಹಾಗೆ ಹಾಕಿ ಎಂದೆ. ಕೆಲಸದ ಭಾಷೆ ಬಂದದ್ದೇ ತಡ, ಸಂಕೋಚ ಹೋಯಿತು. ಚೀಲದಿಂದ ಟೇಪು ತೆಗೆದರು, ತಮ್ಮ ಬೆನ್ನಿನ ನಡುಗೆರೆಗೆ ಹಿಡಿದರು. ಲಂಗದ ಲಾಡಿ ಬಿಗಿಯುವ ಎತ್ತರಕ್ಕಿಂತ ತುಸು ಕೆಳಗೆ, ಮೂಳೆಯ ಅಂಚಿನ ಮೇಲೆ ಒಂದೇ ಬೆರಳು ಇಟ್ಟು “ಎರಡೂ ಮುಕ್ಕಾಲು ಇಂಚು” ಎಂದರು. ಆಮೇಲೆ ಚಿತ್ರದಲ್ಲಿ ಆ ಚುಕ್ಕಿಯಿಂದ ಎಡ ಪೃಷ್ಠದ ಅರ್ಧದವರೆಗೆ ಗೀಟು ಎಳೆದರು. “ಇಲ್ಲಿ ಉರಿ. ಸೀರೆ ತಾಗಿದರೂ ಉರಿ.”

ಎರಡೂ ಮುಕ್ಕಾಲು ಇಂಚೆಂದರೆ 7 ಸೆಂಟಿಮೀಟರು. ಪೃಷ್ಠದ ಮೇಲ್ಭಾಗದ ಚರ್ಮಕ್ಕೆ ಸ್ಪರ್ಶ ಕೊಡುವ ಮೇಲಿನ ಕ್ಲೂನಿಯಲ್ ನರಗಳು ಸೊಂಟದ ಮೂಳೆಯ ಅಂಚನ್ನು ದಾಟುವುದು ಹೆಚ್ಚುಕಡಿಮೆ ಅಲ್ಲೇ. ಸೊಂಟದ ಬೆನ್ನುಹುರಿ ನರಗಳ ಹಿಂಗವಲುಗಳಿಂದ ಹೊರಟು, ಬೆನ್ನಿನ ಗಟ್ಟಿ ತಂತುಪೊರೆಯನ್ನು ತೂರಿಕೊಂಡು ಕೆಳಗಿಳಿಯುವಾಗ ಪೊರೆಗೂ ಮೂಳೆಗೂ ನಡುವೆ ಸಿಕ್ಕಿಕೊಳ್ಳಬಹುದು. ಪೃಷ್ಠದ ನಡುಭಾಗಕ್ಕೆ, ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ಹಿಂದಿನಿಂದ ಬರುವ ನರಗಳಿವೆ. ಕೆಳಭಾಗಕ್ಕೆ ತೊಡೆಯ ಹಿಂಬದಿಯ ಚರ್ಮನರದ ಕವಲುಗಳು ಕೆಳಗಿನಿಂದ ಸುತ್ತಿಕೊಂಡು ಮೇಲೇರುತ್ತವೆ. ಇವೆಲ್ಲ ಚರ್ಮದ ನರಗಳು. ಒಂದು ಸಿಕ್ಕಿಕೊಂಡರೆ ಉರಿ, ಜೋಮು ಬರುತ್ತದೆ, ಕಾಲಿನ ಬಲ ಕುಂದುವುದಿಲ್ಲ. ದಾರದಷ್ಟು ತೆಳ್ಳಗಿನ ಇವು ಬೆನ್ನುಮೂಳೆಗಾಗಿ ತೆಗೆದ ಎಂಆರ್‌ಐನಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ.

ರೋಗ ಗುರುತಿಸುವುದು ನನ್ನ ಕೆಲಸವಲ್ಲ. ಆದರೆ ಆ ಕಾಗದವನ್ನು ಮಡಚಿ, ನೋವಿನ ಚಿಕಿತ್ಸೆಯ ವೈದ್ಯೆಯೊಬ್ಬರಿಗೆ ಪತ್ರ ಬರೆದುಕೊಟ್ಟೆ. “ಮಾತನಾಡಲು ಆಗದಿದ್ದರೆ ಕಾಗದ ತೋರಿಸಿ. ‘ಸೊಂಟ’ ಎಂದು ಮಾತ್ರ ಹೇಳಬೇಡಿ” ಎಂದೆ. ವೈದ್ಯೆ ಆ ಬಿಂದುವನ್ನು ಒತ್ತಿದಾಗ ಟೈಲರಮ್ಮ ಚೀರಿದರಂತೆ. ಅಲ್ಲಿಗೇ ಮರಗಟ್ಟಿಸುವ ಮದ್ದು ಚುಚ್ಚಿದರು. ಕಾಲು ಗಂಟೆಯೊಳಗೆ ಉರಿ ಇಳಿಯಿತು. ಮರುದಿನ ಬಂದು ಅತ್ತರು. “ನಾನು ಸುಳ್ಳು ಹೇಳಿರಲಿಲ್ಲ ಮೇಡಂ.”

ಹೌದು, ಹೇಳಿರಲಿಲ್ಲ. ನೋವಿಗಿಂತ ಹೆಚ್ಚಾಗಿ ಈ ಅನುಮಾನವೇ ಅವರ ನಿದ್ದೆ ಕೆಡಿಸಿತ್ತು. ಹಾಗಾಗಿ ಮುಂದಿನ ಭೇಟಿಗೆ ಗಂಡನನ್ನೂ ಕರೆಸಿ ಅದೇ ಚಿತ್ರವನ್ನು ಮುಂದಿಟ್ಟೆ. ನೀರಿನ ಕೊಡ ಇನ್ನು ಇವರು ಎತ್ತಬಾರದು, ನೋವು ಎಂದಾಗ “ನಿಜವಾ?” ಎಂದು ಕೇಳಬಾರದು ಎಂದೆ. ಗಂಡ ಬಹಳ ಹೊತ್ತು ಚುಕ್ಕಿಯನ್ನೇ ನೋಡಿದರು.

ಟೈಲರಮ್ಮನಿಗೆ ಹೇಳಿದ್ದು: ಒಂದು ಚುಚ್ಚುಮದ್ದಿಗೆ ಪೂರ್ತಿ ವಾಸಿಯಾಗದಿರಬಹುದು, ಆಗ ಧೈರ್ಯಗೆಡಬೇಡಿ. ಅರ್ಧ ಗಂಟೆಗೊಮ್ಮೆ ಮಿಷನ್ ಬಿಟ್ಟು ಏಳಿ. ಲಾಡಿ ಆ ಮೂಳೆಯ ಮೇಲೆ ಕೂರದಿರಲಿ. ಇನ್ನೊಂದನ್ನು ಎರಡು ಸಲ ಹೇಳಿಸಿದೆ: ಮೂತ್ರ, ಮಲದ ಜಾಗದ ಸುತ್ತ ಸ್ಪರ್ಶ ಹೋದರೆ, ಮೂತ್ರ ಕಟ್ಟಿದರೆ ಅಥವಾ ತಡೆಯದೆ ಹೋದರೆ, ಕಾಲು ಸೋತರೆ, ಅದು ಈ ನರದ ತೊಂದರೆಯಲ್ಲ. ಬೆನ್ನುಹುರಿಯ ಕೆಳಗಿನ ನರಗುಚ್ಛ ಒತ್ತಡಕ್ಕೆ ಸಿಕ್ಕಿರಬಹುದು. ಆಗ ನಾಚಿಕೆ ನೋಡದೆ ಅಂದೇ ಆಸ್ಪತ್ರೆಗೆ ಓಡಬೇಕು.

ಮೂರು ತಿಂಗಳ ನಂತರ ಬಂದಾಗ ನೇರವಾಗಿ ಕುಳಿತರು. ರೂಪಾಯಿಗೆ ನಾಲ್ಕಾಣೆ ನೋವು ಉಳಿದಿದೆ ಎಂದರು. ಲಾಡಿಯ ಬದಲು ಲಂಗಕ್ಕೆ ಅಗಲವಾದ ಮೆತ್ತನೆಯ ಪಟ್ಟಿ ಹೊಲಿದುಕೊಂಡಿದ್ದರು. ಓಣಿಯ ಇನ್ನಿಬ್ಬರು ಹೆಂಗಸರು ತಮಗೂ ಅಂಥದ್ದೇ ಹೊಲಿಸಿಕೊಂಡರಂತೆ. ಅವರಲ್ಲಿ ಒಬ್ಬರನ್ನು ಜೊತೆಗೆ ಕರೆತಂದಿದ್ದರು.