ಚಿಲ್ಲಿ ಸಾಸ್ ಬಾಟ್ಲಿನ್ಯಾಗ ಏನೇನ್ ಅದ?

ಪ್ರಶ್ನೆ: ನಮಸ್ಕಾರ್ರಿ ಅಕ್ಕಾರ. ನನ್ ಮಗ ಪಿಯುಸಿ ಓದ್ಲಾಕತ್ತಾನ, ಅವಂಗ ರೊಟ್ಟಿಗೂ ಚಿಲ್ಲಿ ಸಾಸ್, ಸುಸಲಾಕ್ಕೂ ಚಿಲ್ಲಿ ಸಾಸ್. ಬ್ಯಾಡೋ ಅಂದ್ರ ಅದರಾಗ ವಿಟಮಿನ್ ಸಿ ಅದ, ತೂಕ ಇಳಿತದ ಅಂತ ರೀಲ್ಸ್ ತೋರಿಸ್ತಾನ. ನಮ್ಮತ್ತೆಮ್ಮ ಹೊಟ್ಟ್ಯಾಗ ಹುಣ್ಣಾಗ್ತದ ಅಂತ ಬೈತಾರ, ಆದ್ರ ಬಿಪಿ ಇದ್ರೂ ಭಜಿ ಜೋಡಿ ಅವ್ರೂ ಅದನ್ನೇ ಹಚ್ಕೊಂಡ್ ತಿಂತಾರ. ಯಾರ್ ಮಾತ್ ಖರೇ?
— ಒಬ್ಬ ತಾಯಿ, ಕಲಬುರಗಿ

ಉತ್ತರ: ತಂಗಿ, ಮೊದ್ಲ ಹುಣ್ಣಿನ ಮಾತಿಗೆ ಬರ್ತೀನಿ, ನಮ್ ಕಡಿ ಮನಿ ಮನಿಯಾಗ ಈ ಅಂಜಿಕಿ ಅದ. ಹೊಟ್ಟಿ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ, ಇಲ್ಲಾ ಮೈಕೈ ನೋವು ಅಂತ ದಿನಾ ನುಂಗೋ ಪೇನ್‌ಕಿಲ್ಲರ್ ಗುಳಿಗಿ. ಆ ಬ್ಯಾಕ್ಟೀರಿಯಾ ಹುಡುಕಿದ ಆಸ್ಟ್ರೇಲಿಯಾದ ಮಾರ್ಷಲ್ ಮತ್ತ ವಾರನ್ ಇಬ್ರಿಗೂ 2005ರಾಗ ನೊಬೆಲ್ ಸಿಕ್ಕದ. ಖಾರ ತಿಂದ್ರ ಹುಣ್ಣು ಹುಟ್ಟಂಗಿಲ್ಲ, ಆದ್ರ ಮೊದ್ಲೇ ಆಸಿಡಿಟಿ ಇದ್ದೋರಿಗೆ ಎದಿ ಉರಿ ಜಾಸ್ತಿ ಆಗ್ತದ, ಅದ್ರಾಗೂ ರಾತ್ರಿ ತಡಾ ಮಾಡಿ ಖಾರ ತಿಂದು ತಿಂದ ಕೂಡ್ಲೇ ಮಲಗಿಬಿಟ್ರ. ಸಂಡಾಸ್ ಡಾಂಬರಿನಂಗ ಕರ್ರಗ ಆಗೋದು, ವಾಂತ್ಯಾಗ ರಕ್ತ ಬರೋದು ಕಂಡ್ರ ಮಾತ್ರ ಮನಿಮದ್ದು ಅಂತ ಕೂಡಬ್ಯಾಡ್ರಿ, ಅವತ್ತೇ ದವಾಖಾನಿಗೆ ಹೋಗ್ರಿ.

ಇನ್ನ ನಿಮ್ ಮಗನ ವಿಟಮಿನ್ ಸಿ. ಹಸಿ ಕೆಂಪ್ ಮೆಣಸಿನಕಾಯಿ 100 ಗ್ರಾಂನ್ಯಾಗ ಸುಮಾರು 140 ಮಿಲಿಗ್ರಾಂ ಇರ್ತದ, ಅದು ಖರೇ, ಆದ್ರ 100 ಗ್ರಾಂ ಯಾರ್ ತಿಂತಾರ್ರಿ? ಸಾಸ್ ಮಾಡೋವಾಗ ಕುದಿಸ್ತಾರ, ಕುದಿಸಿದ್ರ ವಿಟಮಿನ್ ಸಿ ಕಮ್ಮಿ ಆಗ್ತದ, ಮ್ಯಾಲ ನಾವ್ ಹಚ್ಕೊಳ್ಳೋದು ಒಂದೆರಡ್ ಚಮಚಾ. ಒಂದ್ ಪೇರಲಹಣ್ಣ್ ತಿಂದ್ರ ದಿನಕ್ಕ ಬೇಕಾದಷ್ಟು ಸಿಗ್ತದ. ಖಾರದಾಗಿನ ಕ್ಯಾಪ್ಸೈಸಿನ್ ಮೈಯಾಗ ಒಂಚೂರು ಜಾಸ್ತಿ ಕ್ಯಾಲರಿ ಸುಡಿಸ್ತದ ಹೌದು, ಆದ್ರ ಅದು ಭಾಳ ಸಣ್ಣ ಲೆಕ್ಕ, ಭಜಿ ಎಣ್ಣಿ ಮುಂದ ನಿಲ್ಲಂಗಿಲ್ಲ.

ನನಗ ಚಿಂತಿ ಇರೋದು ಉಪ್ಪಿಂದು. ಬಾಟ್ಲಿ ಹಿಂದ ಸೋಡಿಯಂ ಎಷ್ಟದ ಬರ್ದಿರ್ತದ, ಅದನ್ನ ಎರಡೂವರಿ ಪಟ್ಟು ಮಾಡಿದ್ರ ಉಪ್ಪಿನ ಲೆಕ್ಕ ಸಿಗ್ತದ. 100 ಗ್ರಾಂಗೆ 2000 ಮಿಲಿಗ್ರಾಂ ಸೋಡಿಯಂ ಅಂತಿದ್ರ ಅದು 5 ಗ್ರಾಂ ಉಪ್ಪು, ದೊಡ್ಡ ಚಮಚಾದ್ಲೆ ಮೂರ್ ಸಲ ಹಾಕ್ಕೊಂಡ್ರ ಎರಡ್ ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ಇಡೀ ದಿನಕ್ಕ 5 ಗ್ರಾಂ ಒಳಗ ಇರ್ಲಿ ಅಂತದ, ನಮ್ಮ ಊಟದಾಗ ಉಪ್ಪಿನಕಾಯಿ, ಹಪ್ಪಳ, ಹಿಂಡಿ ಎಲ್ಲಾದ್ರಾಗೂ ಮೊದ್ಲೇ ಉಪ್ಪದ. ಅದಕ್ಕ ಅತ್ತೆಮ್ಮನವರಿಗೆ ಸಾಸ್ ಪೂರಾ ಬಿಡಸ್ರಿ, ಬಿಪಿ ಗುಳಿಗಿ ನುಂಗಿ ಮ್ಯಾಲ ಉಪ್ಪು ಸುರಕೊಂಡ್ರ ಗುಳಿಗಿ ಏನ್ ಮಾಡ್ಬೇಕು? ಪದಾರ್ಥಗಳ ಪಟ್ಟಿನೂ ಓದ್ರಿ, ಯಾವುದು ಜಾಸ್ತಿ ಅದನೋ ಅದೇ ಮೊದ್ಲ ಬರ್ತದ. ಮೆಣಸಿನಕಾಯಿಗಿಂತ ಮೊದ್ಲ ಸಕ್ಕರಿ ಬಂದಿದ್ರ ಆ ಬಾಟ್ಲಿ ಅಲ್ಲೇ ಬಿಟ್ ಬರ್ರಿ.

ಪ್ರಶ್ನೆ: ಖಾರ ಹತ್ತಿದಾಗ ಎಷ್ಟ್ ನೀರ್ ಕುಡದ್ರೂ ಯಾಕ ಕಮ್ಮಿ ಆಗಲ್ರಿ?
— ಓದುಗ, ಬೀದರ್

ಉತ್ತರ: ಕ್ಯಾಪ್ಸೈಸಿನ್ ನೀರಾಗ ಕರಗಂಗಿಲ್ಲ, ಜಿಡ್ಡಿನಾಗ ಕರಗ್ತದ. ಹಾಲು, ಮೊಸರು ಕೊಡ್ರಿ.

ಪ್ರಶ್ನೆ: ಬಂಡಿ ಮ್ಯಾಲಿನ ಗೋಬಿ ಮಂಚೂರಿ, ಸಾಸ್ ಅಷ್ಟ್ ಕೆಂಪಗ ಯಾಕಿರ್ತಾವ? ಮಕ್ಕಳಿಗೆ ಕೊಡ್ಬಹುದಾ?
— ಓದುಗಳು, ಯಾದಗಿರಿ

ಉತ್ತರ: ಬಣ್ಣ ಮೆಣಸಿನಕಾಯಿದೋ ಡಬ್ಬಿದೋ ಅಂತ ಬರೀ ಕಣ್ಣಿಲೆ ನೋಡಿ ಹೇಳಾಕಾಗಲ್ಲ. 2024ರ ಮಾರ್ಚ್‌ನ್ಯಾಗ ನಮ್ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದು ನಿಷೇಧ ಮಾಡ್ಯದ, ಆದ್ರೂ ಹಾಕೋರು ಇರ್ತಾರ, ಸಣ್ಣ ಮಕ್ಕಳಿಗೆ ಕೊಡಬ್ಯಾಡ್ರಿ. ಕೆಂಪ್ ಬಣ್ಣನೇ ಬೇಕಂದ್ರ ಬ್ಯಾಡಗಿ ಮೆಣಸಿನಕಾಯಿ ಅದ, ಬಣ್ಣ ಭಾರಿ, ಖಾರ ಕಮ್ಮಿ. ಬೀಜ ತೆಗೆದು ಬಿಸಿನೀರಾಗ ನೆನೆಸಿ, ಬೆಳ್ಳುಳ್ಳಿ, ಜೀರಗಿ, ನಿಂಬಿ ರಸ, ಚಿಟಿಕಿ ಉಪ್ಪು ಹಾಕಿ ರಂಜಕದಂಗ ನುಣ್ಣಗ ಅರೀರಿ. ಉಪ್ಪು ಕಮ್ಮಿ ಇರೋದಕ್ಕ ಭಾಳ ದಿನ ಬಾಳಂಗಿಲ್ಲ, ಫ್ರಿಜ್ಜಿನಾಗ ಇಟ್ಟು ಮೂರ್ನಾಕ್ ದಿನದಾಗ ಮುಗಸ್ರಿ.